ಬ್ಲೂಟೂತ್ ಕಂಟ್ರೋಲರ್, ಕೀಬೋರ್ಡ್: ಯಾವ ಫೋನ್‌ಗೆ, ಯಾವ ಬೋರ್ಡ್‌ಗೆ ಯಾವುದು ಸರಿ?

ಹೋದ ದಸರಾ ರಜೆಗೆ ಅಕ್ಕನ ಮಗ ಮನೆಗೆ ಬಂದಿದ್ದ. ಬ್ಯಾಗಿನಲ್ಲಿ ಬಟ್ಟೆಗಿಂತ ಜಾಸ್ತಿ ಸಾಮಾನು. ನಾಲ್ಕು ಚಕ್ರದ ಪ್ಲಾಸ್ಟಿಕ್ ಗಾಡಿ, ಮೋಟಾರ್‌ಗಳು, ಮೋಟಾರ್‌ಗಳಿಗೆ ಆಜ್ಞೆ ಕೊಡುವ, ಹೆಬ್ಬೆರಳಿನಷ್ಟು ಪುಟ್ಟ ಇಎಸ್‌ಪಿ32-ಸಿ3 ಬೋರ್ಡ್, ಗೆಳೆಯನ ಹತ್ತಿರ ಕೇಳಿ ತಂದ ಪಿಎಸ್4 (ಪ್ಲೇಸ್ಟೇಷನ್ 4) ಕಂಟ್ರೋಲರ್. ಕಂಟ್ರೋಲರ್‌ನಿಂದ ಗಾಡಿ ಓಡಿಸಬೇಕು ಅನ್ನೋದು ಅವನ ಆಸೆ.

ಎರಡು ಸಂಜೆ ಕೂತರೂ ಆಗಲಿಲ್ಲ. ಕಂಟ್ರೋಲರ್‌ನ ಬಿಳಿ ದೀಪ ಪಟಪಟ ಮಿನುಗುತ್ತಿತ್ತು, ಅಂದರೆ ಪೇರಿಂಗ್‌ಗೆ (ಇನ್ನೊಂದು ಸಾಧನದ ಜೊತೆ ಕೂಡಿಕೊಳ್ಳಲು) ತಯಾರಾಗಿತ್ತು. ಬೋರ್ಡ್ ಕೂಡ ಹುಡುಕುತ್ತಿತ್ತು. ನನ್ನ ಇಯರ್‌ಬಡ್, ಪಕ್ಕದ ಮನೆಯ ವಾಚ್ ಎಲ್ಲ ಪಟ್ಟಿಯಲ್ಲಿ ಬಂದವು. ಎದುರಿಗೇ ಇದ್ದ ಕಂಟ್ರೋಲರ್ ಮಾತ್ರ ಬರಲಿಲ್ಲ. "ಮಾಮ, ಇದು ಸಿಗ್ತಾನೇ ಇಲ್ಲ" ಅಂತ ಮುಖ ಸಣ್ಣದು ಮಾಡಿಕೊಂಡ.

ಎರಡರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಕೊಳ್ಳುವಾಗ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಬ್ಲೂಟೂತ್‌ನಲ್ಲಿ ಎರಡು ಜಾತಿ

ಹಳೆಯದನ್ನು ಕ್ಲಾಸಿಕ್ ಬ್ಲೂಟೂತ್ ಅನ್ನುತ್ತಾರೆ. 2010ರಲ್ಲಿ ಬ್ಲೂಟೂತ್ 4.0 ಜೊತೆ ಇನ್ನೊಂದು ಬಂತು. ಅದು ಲೋ ಎನರ್ಜಿ, ಚಿಕ್ಕದಾಗಿ ಬಿಎಲ್‌ಇ. ಹೆಸರು ಒಂದೇ, ಇಬ್ಬರೂ ಬಳಸುವುದು 2.4 ಗಿಗಾಹರ್ಟ್ಸ್ ಅಲೆಗಳನ್ನೇ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಮೊದಲು ನಮ್ಮಲ್ಲಿ ಮೀಟರ್ ಗೇಜ್, ಬ್ರಾಡ್ ಗೇಜ್ ಅಂತ ಎರಡು ಬಗೆಯ ರೈಲು ಹಳಿ ಇದ್ದವಲ್ಲ, ಹಾಗೆ. ಎರಡೂ ರೈಲೇ. ಇದರ ಬೋಗಿ ಅದರ ಹಳಿ ಮೇಲೆ ಓಡಲ್ಲ.

ಫೋನ್, ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಇವೆಲ್ಲ ಎರಡೂ ಹಳಿ ಹಾಕಿಕೊಂಡಿವೆ. ಅದಕ್ಕೇ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಚಿಕ್ಕ ಹವ್ಯಾಸಿ ಬೋರ್ಡ್‌ಗಳಿಗೆ ಬಂದಾಗ ಎಡವುತ್ತೇವೆ.

ಇಲ್ಲಿ ಸಂಖ್ಯೆ ನೋಡಿ ಮೋಸ ಹೋಗಬೇಡಿ. 2016ರ ಹಳೇ ಇಎಸ್‌ಪಿ32 ಮೇಲೆ ಬ್ಲೂಟೂತ್ 4.2 ಅಂತ ಇರುತ್ತದೆ. ಅದರಲ್ಲಿ ಕ್ಲಾಸಿಕ್, ಬಿಎಲ್‌ಇ ಎರಡೂ ಇವೆ. ಆಮೇಲೆ ಬಂದ ಸಿ3 ಮತ್ತು ಎಸ್3 ಮೇಲೆ ಬ್ಲೂಟೂತ್ 5 ಅಂತ ಇರುತ್ತದೆ. ಅವುಗಳಲ್ಲಿ ಬಿಎಲ್‌ಇ ಮಾತ್ರ. ಐದು ನಾಲ್ಕಕ್ಕಿಂತ ದೊಡ್ಡದು ಅಂತ ಎಲ್ಲರೂ ಹೊಸದನ್ನೇ ಕೊಳ್ಳುತ್ತಾರೆ. ನಮ್ಮ ಹುಡುಗನೂ ಹಾಗೇ ಮಾಡಿದ್ದ. ಪಿಎಸ್4 ಕಂಟ್ರೋಲರ್ ಕ್ಲಾಸಿಕ್ ಮಾತ್ರ ಆಡುವುದು. ಸಿ3 ಬೋರ್ಡ್‌ಗೆ ಅದು ಕಾಣುವ ದಾರಿಯೇ ಇಲ್ಲ. ಕೋಡ್ ಎಷ್ಟು ತಿದ್ದಿದರೂ ಅಷ್ಟೇ.

ಇಎಸ್‌ಪಿ32-ಎಸ್2 ಅಂತ ಇನ್ನೊಂದಿದೆ. ಅದರಲ್ಲಿ ಬ್ಲೂಟೂತೇ ಇಲ್ಲ, ವೈಫೈ ಮಾತ್ರ. ಎಸ್2, ಎಸ್3 ಅಂತ ಒಂದು ಅಂಕಿಯ ವ್ಯತ್ಯಾಸ, ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೆ ಚಿಪ್ ಮೇಲಿನ ತಗಡಿನ ಮುಚ್ಚಳದಲ್ಲಿ ಕೊರೆದ ಹೆಸರನ್ನೇ ಓದಿ. ಕವರ್ ಮೇಲಿನ ಚೀಟಿ ನಂಬಬೇಡಿ.

ಕಂಟ್ರೋಲರ್‌ಗಳಲ್ಲಿ ಯಾವುದು ಎತ್ತ?

ಸೋನಿಯ ಪಿಎಸ್4 ಡ್ಯುಯಲ್‌ಶಾಕ್ 2013ರದ್ದು, ಪಿಎಸ್5 ಡ್ಯುಯಲ್‌ಸೆನ್ಸ್ 2020ರದ್ದು. ಎರಡೂ ಕ್ಲಾಸಿಕ್. ಪಿಎಸ್4ರಲ್ಲಿ ಪಿಎಸ್ ಮತ್ತು ಶೇರ್ ಬಟನ್‌ಗಳನ್ನು, ಪಿಎಸ್5ರಲ್ಲಿ ಪಿಎಸ್ ಮತ್ತು ಕ್ರಿಯೇಟ್ ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ದೀಪ ಬೇಗ ಬೇಗ ಮಿನುಗಲು ಶುರುವಾದರೆ ಪೇರಿಂಗ್‌ಗೆ ಸಿದ್ಧ. ಬರೀ ಪಿಎಸ್ ಬಟನ್ ಒತ್ತಿದರೆ ಅದು ತನ್ನ ಹಳೇ ಯಜಮಾನನನ್ನೇ ಹುಡುಕುತ್ತದೆ, ನಿಮ್ಮ ಫೋನನ್ನಲ್ಲ. ಜಾಸ್ತಿ ಜನ ತಪ್ಪುವುದು ಇಲ್ಲೇ.

ನಿಂಟೆಂಡೋ ಸ್ವಿಚ್ ಪ್ರೊ ಕೂಡ ಕ್ಲಾಸಿಕ್. ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ಅದರಲ್ಲಿ ಎ ಮತ್ತು ಬಿ, ಎಕ್ಸ್ ಮತ್ತು ವೈ ಬಟನ್‌ಗಳು ಎಕ್ಸ್‌ಬಾಕ್ಸ್‌ಗೆ ಹೋಲಿಸಿದರೆ ಅದಲು ಬದಲು. ಪರದೆ ಮೇಲೆ ಎ ಒತ್ತಿ ಅಂತ ಬಂದಾಗ ಬೆರಳು ತಪ್ಪು ಕಡೆ ಹೋಗುತ್ತದೆ. ಮಕ್ಕಳಿಗೆ ಕೊಡುವುದಾದರೆ ಇದು ಗಮನದಲ್ಲಿರಲಿ.

ಎಕ್ಸ್‌ಬಾಕ್ಸ್ ಸ್ವಲ್ಪ ಗೋಜಲು. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಬ್ಲೂಟೂತ್ ಇಲ್ಲ. ಅದು ಮೈಕ್ರೋಸಾಫ್ಟ್‌ನ ಸ್ವಂತ ವೈರ್‌ಲೆಸ್ ಮಾತ್ರ ಆಡುತ್ತದೆ. 2016ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಸ್ ಜೊತೆ ಬಂದದ್ದರಲ್ಲಿ ಬ್ಲೂಟೂತ್ ಸೇರಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕಣ್ಣಲ್ಲೇ ಪತ್ತೆ ಮಾಡಬಹುದು. ಮಧ್ಯದ ಎಕ್ಸ್‌ಬಾಕ್ಸ್ ಬಟನ್ ಸುತ್ತ ಇರುವ ಪ್ಲಾಸ್ಟಿಕ್ ನೋಡಿ. ಅದು ಮುಖದ ಪ್ಲಾಸ್ಟಿಕ್‌ನದೇ ಮುಂದುವರಿದ ಭಾಗವಾಗಿದ್ದರೆ ಬ್ಲೂಟೂತ್ ಇದೆ. ಮೇಲ್ಭಾಗದ ಹೊಳಪಿನ ಪಟ್ಟಿಯೇ ಇಳಿದು ಬಂದು ಬಟನ್ ಸುತ್ತುವರಿದಿದ್ದರೆ ಇಲ್ಲ. ಬ್ಯಾಟರಿ ಮುಚ್ಚಳ ತೆಗೆದರೆ ಮಾಡೆಲ್ ಸಂಖ್ಯೆಯೂ ಸಿಗುತ್ತದೆ. 1708 ಅಂತ ಇದ್ದರೆ ಬ್ಲೂಟೂತ್ ಇರುವುದು.

2020ರ ಸೀರೀಸ್ ಎಕ್ಸ್ ಮತ್ತು ಎಸ್ ಕಂಟ್ರೋಲರ್, ಮಾಡೆಲ್ 1914, ಬಿಎಲ್‌ಇ ಆಡುತ್ತದೆ. 2021ರಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಫರ್ಮ್‌ವೇರ್ (ಕಂಟ್ರೋಲರ್ ಒಳಗಿನ ತಂತ್ರಾಂಶ) ಅಪ್‌ಡೇಟ್‌ನಿಂದ 1708 ಕೂಡ ಬಿಎಲ್‌ಇಗೆ ಬಂತು. ಅಂದರೆ ಒಂದೇ ಮಾಡೆಲ್‌ನ ಎರಡು ಕಂಟ್ರೋಲರ್‌ಗಳು, ಒಂದು ಅಪ್‌ಡೇಟ್ ಆದದ್ದು, ಒಂದು ಆಗದ್ದು, ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಬೋರ್ಡ್‌ಗೆ ಸೇರಿಸುವ ಮೊದಲು ವಿಂಡೋಸ್‌ನ ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಆಪ್‌ನಲ್ಲಿ ಅಪ್‌ಡೇಟ್ ಮಾಡಿಬಿಡಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

8ಬಿಟ್‌ಡೊ ಕಂಟ್ರೋಲರ್‌ಗಳು ನನಗೆ ತುಂಬಾ ಇಷ್ಟ. ಇವು ವೇಷ ಬದಲಾಯಿಸುತ್ತವೆ. ಎಸ್‌ಎನ್30 ಪ್ರೊನಲ್ಲಿ ಸ್ಟಾರ್ಟ್ ಜೊತೆ ಬಿ ಒತ್ತಿ ಆನ್ ಮಾಡಿದರೆ ಆಂಡ್ರಾಯ್ಡ್, ಎಕ್ಸ್ ಒತ್ತಿದರೆ ವಿಂಡೋಸ್, ಎ ಒತ್ತಿದರೆ ಮ್ಯಾಕ್, ವೈ ಒತ್ತಿದರೆ ಸ್ವಿಚ್. ಒಂದು ವೇಷದಲ್ಲಿ ಬಟನ್‌ಗಳು ಎಡವಟ್ಟಾದರೆ ಇನ್ನೊಂದರಲ್ಲಿ ನೋಡಬಹುದು. ಬೇರೆ ಬೇರೆ ಸಾಧನಗಳಲ್ಲಿ ಪ್ರಯೋಗ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಇನ್ನು ಪಿಎಸ್4 ಥರವೇ ಕಾಣುವ ಅಗ್ಗದ ನಕಲಿಗಳು. ಫೋನ್‌ಗೆ ಎಷ್ಟೋ ಸಲ ಕೂಡಿಕೊಳ್ಳುತ್ತವೆ. ಬೋರ್ಡ್‌ಗೆ ಬಂದಾಗ ಒಂದು ದಿನ ಸಿಕ್ಕಿದ್ದು ಮರುದಿನ ಸಿಗಲ್ಲ. ತಪ್ಪು ನಿಮ್ಮ ಕೋಡ್‌ನಲ್ಲೋ ಕಂಟ್ರೋಲರ್‌ನಲ್ಲೋ ಅಂತ ತಿಳಿಯದೆ ರಾತ್ರಿಗಳು ಹೋಗುತ್ತವೆ. ಕಲಿಯುವವರು ದಯವಿಟ್ಟು ಬಳಸಿದ್ದಾದರೂ ಪರವಾಗಿಲ್ಲ, ಅಸಲಿಯನ್ನೇ ತಗೊಳ್ಳಿ.

ಬೋರ್ಡ್ ಆರಿಸುವುದು

ಮೊದಲಿಗೆ, ಆರ್ಡುಯಿನೋ ಊನೊ ಬೋರ್ಡ್ ಜೊತೆ ಎಚ್‌ಸಿ-05 ಅನ್ನುವ ಬ್ಲೂಟೂತ್ ಮಾಡ್ಯೂಲ್. ನಮ್ಮ ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದನ್ನು ಕಾಣದವರಿಲ್ಲ. ಇದಕ್ಕೆ ಪಿಎಸ್4 ಕಂಟ್ರೋಲರ್ ಸೇರಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಆಗಲ್ಲ. ಎಚ್‌ಸಿ-05 ಸೀರಿಯಲ್ ಡೇಟಾ (ಒಂದರ ಹಿಂದೆ ಒಂದು ಬರುವ ಅಕ್ಷರಗಳು) ಮಾತ್ರ ಕಳಿಸುತ್ತದೆ, ಪಡೆಯುತ್ತದೆ. ಕೀಬೋರ್ಡ್, ಕಂಟ್ರೋಲರ್‌ಗಳು ಮಾತಾಡುವುದು ಎಚ್‌ಐಡಿ ಅನ್ನುವ ಬೇರೆ ಒಪ್ಪಂದದಲ್ಲಿ. ನಿಮ್ಮ ಹತ್ತಿರ ಎಚ್‌ಸಿ-05 ಆಗಲೇ ಇದ್ದರೆ ಬಿಸಾಡಬೇಡಿ. ಆಂಡ್ರಾಯ್ಡ್ ಫೋನನ್ನೇ ರಿಮೋಟ್ ಮಾಡಿಕೊಳ್ಳಿ. ಸೀರಿಯಲ್ ಕಳಿಸುವ ಉಚಿತ ಆಪ್‌ಗಳು ಬೇಕಾದಷ್ಟಿವೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಉತ್ತರ ಒಂದೇ: ಹಳೇ, ಸಾದಾ ಇಎಸ್‌ಪಿ32. ಹಿಂದೆ ಮುಂದೆ ಅಕ್ಷರ ಇಲ್ಲದ್ದು, ಮುಚ್ಚಳದ ಮೇಲೆ ವ್ರೂಮ್-32 ಅಂತ ಇರುವುದು. ಅದಕ್ಕೆ ಬ್ಲೂಪ್ಯಾಡ್32 ಅನ್ನುವ ಮುಕ್ತ ತಂತ್ರಾಂಶ ಹಾಕಿದರೆ ಸೋನಿ, ಎಕ್ಸ್‌ಬಾಕ್ಸ್, ಸ್ವಿಚ್, 8ಬಿಟ್‌ಡೊ ಎಲ್ಲ ಒಂದೇ ಕೋಡ್‌ನಲ್ಲಿ ನಡೆಯುತ್ತವೆ. ಕೀಬೋರ್ಡ್, ಮೌಸ್ ಕೂಡ. ಯಾವ ಕಂಪನಿಯದಾದರೂ ಸ್ಟಿಕ್ ಎಷ್ಟು ತಳ್ಳಿದಿರಿ ಅನ್ನುವ ಸಂಖ್ಯೆ -511ರಿಂದ 512ರ ನಡುವೆ ಬರುತ್ತದೆ. ಕೈ ಬಿಟ್ಟಾಗ ಸೊನ್ನೆಯೇ ಬರಬೇಕಂತಿಲ್ಲ. ಹತ್ತೋ ಇಪ್ಪತ್ತೋ ಉಳಿದುಕೊಳ್ಳುತ್ತದೆ, ಗಾಡಿ ತಾನಾಗೇ ತೆವಳುತ್ತದೆ. ಐವತ್ತರ ಒಳಗಿನದ್ದನ್ನೆಲ್ಲ ಸೊನ್ನೆ ಅಂತಲೇ ತಗೊಳ್ಳಿ.

ರಾಸ್ಪ್‌ಬೆರಿ ಪೈ ಪೀಕೊ ಡಬ್ಲ್ಯು ಅನ್ನುವ ಚಿಕ್ಕ ಬೋರ್ಡ್ 2022ರಲ್ಲಿ ಬಂತು. ಬ್ಲೂಟೂತ್ ಚಿಪ್‌ನಲ್ಲೇ ಇದ್ದರೂ ಬಳಕೆಗೆ ಸಿಕ್ಕಿದ್ದು 2023ರಲ್ಲಿ. ಕ್ಲಾಸಿಕ್ ಮತ್ತು ಬಿಎಲ್‌ಇ ಎರಡೂ ಇವೆ, ಬ್ಲೂಪ್ಯಾಡ್32 ಅದರಲ್ಲೂ ಓಡುತ್ತದೆ. ಒಂದೇ ತೊಡಕು: ಮೈಕ್ರೋಪೈಥಾನ್‌ನಲ್ಲಿ (ಚಿಕ್ಕ ಬೋರ್ಡ್‌ಗಳ ಪೈಥಾನ್ ಭಾಷೆ) ಬರೆಯುವವರಿಗೆ ಬಿಎಲ್‌ಇ ಮಾತ್ರ ಸಿಗುತ್ತದೆ. ಪೈಥಾನ್ ಬೇಕು ಅಂತಲೇ ಪೀಕೊ ತಗೊಂಡವರು ಪಿಎಸ್4 ಕಂಟ್ರೋಲರ್‌ನ ಆಸೆ ಬಿಡಬೇಕು, ಇಲ್ಲವೇ ಸಿ ಭಾಷೆಗೆ ಬರಬೇಕು.

ಸಿ3 ಅಥವಾ ಎಸ್3 ಆಗಲೇ ಕೈಯಲ್ಲಿದ್ದರೆ ಬಿಎಲ್‌ಇ ಆಡುವ ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್ ಹುಡುಕಿ. ಆರ್ಡುಯಿನೋ ಊನೊ ಆರ್4 ವೈಫೈ ಇದ್ದವರಿಗೂ ಇದೇ ಮಾತು. ಅದರಲ್ಲಿ ಬ್ಲೂಟೂತ್ ನೋಡಿಕೊಳ್ಳುವುದೂ ಎಸ್3 ಚಿಪ್ಪೇ.

ಕಂಟ್ರೋಲರ್ ಕೈಕೊಟ್ಟಿತು ಅಂದುಕೊಂಡ ದಿನ

ಹುಡುಗನಿಗೆ ಸಾದಾ ಇಎಸ್‌ಪಿ32 ತಂದುಕೊಟ್ಟೆ. ಅರ್ಧ ಗಂಟೆಯಲ್ಲಿ ಕಂಟ್ರೋಲರ್ ಕೂಡಿಕೊಂಡಿತು. ದೀಪ ಮಿನುಗುವುದು ನಿಂತು ಸ್ಥಿರವಾದಾಗ ಅವನ ಕುಣಿತ ನೋಡಬೇಕಿತ್ತು. ಆದರೆ ಸ್ಟಿಕ್ ಮುಂದಕ್ಕೆ ತಳ್ಳಿದ ಕೂಡಲೇ ಗಾಡಿ ಒಂದು ಗೇಣು ಹಾರಿ ನಿಂತುಬಿಡೋದು, ಸಂಪರ್ಕ ಕಡಿಯೋದು. ಮತ್ತೆ ಸೇರಿಸಿದರೆ ಮತ್ತೆ ಅದೇ. ಮೆಲ್ಲಗೆ ತಳ್ಳಿದರೆ ಏನೂ ಆಗುತ್ತಿರಲಿಲ್ಲ.

ಇಬ್ಬರೂ ಕಂಟ್ರೋಲರ್‌ನದೇ ತಪ್ಪು ಅಂದುಕೊಂಡೆವು. ಕೊನೆಗೆ ಯುಎಸ್‌ಬಿ ವಯರ್ ಹಾಕಿ, ಬೋರ್ಡ್ ಕಳಿಸುವ ಸಂದೇಶಗಳನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದಿಟ್ಟು ಗಾಡಿ ಓಡಿಸಿದೆವು. ನಿಂತ ಕ್ಷಣಕ್ಕೆ ಸರಿಯಾಗಿ ಒಂದು ಸಾಲು ಬಂತು: ಬ್ರೌನ್‌ಔಟ್ ಡಿಟೆಕ್ಟರ್. ಮೋಟಾರ್‌ಗಳು ಹೊರಡುವಾಗ ಜಾಸ್ತಿ ಕರೆಂಟ್ ಎಳೆಯುತ್ತವೆ. ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಬೋರ್ಡ್ ರೀಸ್ಟಾರ್ಟ್ ಆಗುತ್ತಿತ್ತು. ಕಂಟ್ರೋಲರ್ ಪಾಪ, ಉತ್ತರ ಕೊಡುವವರಿಲ್ಲದೆ ಬಿಟ್ಟುಕೊಡುತ್ತಿತ್ತು.

ಬೋರ್ಡ್‌ಗೆ ಬೇರೆ ಪವರ್ ಬ್ಯಾಂಕ್ ಕೊಟ್ಟೆವು, ಮೋಟಾರ್‌ಗೆ ಬ್ಯಾಟರಿ ಬೇರೆ. ಎರಡರ ಗ್ರೌಂಡ್ ವಯರ್ ಮಾತ್ರ ಒಂದಕ್ಕೊಂದು ಸೇರಿಸಿದೆವು. ಅದನ್ನು ಮರೆತರೆ ಸಿಗ್ನಲ್ ಹೋಗುವುದಿಲ್ಲ. ಆಮೇಲೆ ಒಂದು ಸಲವೂ ಕಡಿಯಲಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಸಂಪರ್ಕ ಕಡಿದಾಗ ಮೋಟಾರ್ ನಿಲ್ಲಿಸುವ ಸಾಲು ಕೋಡ್‌ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಕಂಟ್ರೋಲರ್ ಬ್ಯಾಟರಿ ಮುಗಿದಾಗ ಗಾಡಿ ಕೊನೆಯ ಆಜ್ಞೆಯನ್ನೇ ಹಿಡಿದು ಓಡುತ್ತಲೇ ಇರುತ್ತದೆ. ಚಿಕ್ಕ ಗಾಡಿ ಗೋಡೆಗೆ ಗುದ್ದಿ ಉಳಿಯುತ್ತದೆ. ದೊಡ್ಡ ಮೋಟಾರ್ ಹಾಕಿದ್ದರೆ ಯಾರದೋ ಕಾಲಿಗೆ ಪೆಟ್ಟು. ಬ್ಲೂಪ್ಯಾಡ್32ರಲ್ಲಿ ಕಂಟ್ರೋಲರ್ ಹೋದಾಗ ತಾನಾಗಿ ನಡೆಯುವ ಫಂಕ್ಷನ್ ಇದೆ. ಅದರೊಳಗೇ ಬರೆಯಿರಿ.

ರಾಸ್ಪ್‌ಬೆರಿ ಪೈ

ಹಳೇ ಆಟಗಳನ್ನು ಟಿವಿಯಲ್ಲಿ ಆಡಬೇಕು, ಕೀಬೋರ್ಡ್ ಇಟ್ಟು ಪೂರ್ತಿ ಕಂಪ್ಯೂಟರ್ ಮಾಡಬೇಕು ಅಂದರೆ ಪೈ ಬೇಕು. 2016ರ ಪೈ 3ರಿಂದ ಬ್ಲೂಟೂತ್ ಒಳಗೇ ಇದೆ. ಝೀರೊ ಡಬ್ಲ್ಯು, ಝೀರೊ 2 ಡಬ್ಲ್ಯು, ಪೈ 4, ಪೈ 5 ಎಲ್ಲದರಲ್ಲೂ ಇದೆ.

ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಬ್ಲೂಟೂತ್‌ಸಿಟಿಎಲ್ (bluetoothctl) ತೆರೆದು ಸ್ಕ್ಯಾನ್ ಆನ್, ಪೇರ್, ಟ್ರಸ್ಟ್, ಕನೆಕ್ಟ್ ಅಂತ ಕೊಡುತ್ತಾ ಹೋದರೆ ಮುಗಿಯಿತು. ಜನ ಬಿಡುವುದು ಟ್ರಸ್ಟ್ ಅನ್ನುವುದನ್ನು. ಅದಿಲ್ಲದೆಯೂ ಇವತ್ತು ಕೆಲಸ ಮಾಡುತ್ತದೆ, ನಾಳೆ ಆನ್ ಮಾಡಿದಾಗ ತಾನಾಗಿ ಕೂಡಿಕೊಳ್ಳುವುದಿಲ್ಲ. ಬಟನ್‌ಗಳು ಸರಿಯಾಗಿ ಬರುತ್ತಿವೆಯಾ ಅಂತ ನೋಡಲು ಇವಿಟೆಸ್ಟ್ (evtest) ಅನ್ನುವ ತಂತ್ರಾಂಶ ಹಾಕಿಕೊಳ್ಳಿ.

ಪೈ 4ರ ನೀಲಿ ಯುಎಸ್‌ಬಿ 3 ಪೋರ್ಟ್‌ಗೆ ಹಾರ್ಡ್ ಡಿಸ್ಕ್ ಸೇರಿಸಿದ ಮೇಲೆ ಕಂಟ್ರೋಲರ್ ತಡವರಿಸಿದರೆ ಗಾಬರಿಯಾಗಬೇಡಿ. ಯುಎಸ್‌ಬಿ 3 ಹೊರಗೆ ಬಿಡುವ ಗದ್ದಲ 2.4 ಗಿಗಾಹರ್ಟ್ಸ್‌ಗೇ ಬಂದು ಬೀಳುತ್ತದೆ. ಡಿಸ್ಕನ್ನು ಉದ್ದ ಕೇಬಲ್ ಹಾಕಿ ದೂರ ಇಡಿ. ಲೋಹದ ಪೆಟ್ಟಿಗೆಯಲ್ಲಿ ಪೈ ಇಟ್ಟಿದ್ದರೆ ಒಮ್ಮೆ ಹೊರಗೆ ತೆಗೆದು ನೋಡಿ.

ಫೋನ್‌ಗಾದರೆ

ಫೋನ್‌ನಲ್ಲಿ ಎರಡೂ ಬ್ಲೂಟೂತ್ ಇರುವುದರಿಂದ ನೋಡಬೇಕಾದದ್ದು ಓಎಸ್ ಆವೃತ್ತಿ. ಐಫೋನ್‌ನಲ್ಲಿ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗೆ ಐಓಎಸ್ 13 ಸಾಕು. ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ 14.5, ಸ್ವಿಚ್ ಪ್ರೊಗೆ 16 ಬೇಕು. ಆಂಡ್ರಾಯ್ಡ್‌ನಲ್ಲಿ ಪಿಎಸ್4ಗೆ 10, ಪಿಎಸ್5ಗೆ 12 ಇದ್ದರೆ ನೆಮ್ಮದಿ.

ಆದರೆ ಕೂಡಿಕೊಂಡ ಮಾತ್ರಕ್ಕೆ ಆಟ ನಡೆಯುತ್ತದೆ ಅಂತಿಲ್ಲ. ಕಾಲ್ ಆಫ್ ಡ್ಯೂಟಿ ಮೊಬೈಲ್, ಮೈನ್‌ಕ್ರಾಫ್ಟ್ ಕಂಟ್ರೋಲರ್ ಒಪ್ಪುತ್ತವೆ. ಬಿಜಿಎಂಐ ಒಪ್ಪುವುದಿಲ್ಲ. ಅದಕ್ಕೋಸ್ಕರವೇ ಕೊಳ್ಳುವುದಾದರೆ ದುಡ್ಡು ಉಳಿಸಿಕೊಳ್ಳಿ. ನೀವು ದಿನಾ ಆಡುವ ಆಟದ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಅನ್ನುವ ಪುಟ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಕೀಬೋರ್ಡ್

ವೈರ್‌ಲೆಸ್ ಅಂತ ಬರೆದದ್ದೆಲ್ಲ ಬ್ಲೂಟೂತ್ ಅಲ್ಲ. ಉಗುರಿನಷ್ಟು ಯುಎಸ್‌ಬಿ ರಿಸೀವರ್ ಜೊತೆ ಬರುವಂಥವು ಎಷ್ಟೋ ಸಲ ಅದರ ಜೊತೆ ಮಾತ್ರ ಮಾತಾಡುತ್ತವೆ. ಫೋನ್‌ಗೆ ಅದು ತೊಡಕು. ಪೈಗೆ ಮಾತ್ರ ಅದೇ ಒಳ್ಳೆಯದು. ಹೊಸ ಪೈ ಮೊದಲ ಸಲ ಆನ್ ಆದಾಗ ಬ್ಲೂಟೂತ್ ಕೀಬೋರ್ಡ್ ಪೇರ್ ಮಾಡಲು ಇನ್ನೊಂದು ಕೀಬೋರ್ಡ್ ಬೇಕಾಗುತ್ತದೆ, ಅಲ್ವಾ? ರಿಸೀವರ್ ಇದ್ದರೆ ಆ ತಲೆನೋವಿಲ್ಲ. ನಾನು ಒಂದು ಹಳೇ ವಯರ್ ಕೀಬೋರ್ಡನ್ನು ಇದಕ್ಕೇ ಅಂತ ಎತ್ತಿಟ್ಟಿದ್ದೇನೆ.

ಫೋನ್, ಟ್ಯಾಬ್, ಪೈ ಮೂರಕ್ಕೂ ಒಂದೇ ಬೇಕಾದರೆ ಲಾಜಿಟೆಕ್ ಕೆ380 ಥರದ್ದು ನೋಡಿ. ಎಫ್1, ಎಫ್2, ಎಫ್3 ಒತ್ತಿದರೆ ಒಂದೊಂದು ಸಾಧನಕ್ಕೆ ಹಾರುತ್ತದೆ. ಇಲ್ಲೂ ಅದೇ ಜಾತಿ ಪ್ರಶ್ನೆ: ಹಳೇ ಕೆ380 ಕ್ಲಾಸಿಕ್, ಹೊಸ ಕೆ380ಎಸ್ ಬಿಎಲ್‌ಇ. ಬೋರ್ಡ್‌ಗೆ ಸೇರಿಸುವವರು ಹೆಸರಿನ ಕೊನೆಯ ಅಕ್ಷರ ನೋಡಿಕೊಳ್ಳಿ.

ಪೇರ್ ಮಾಡುವಾಗ ಪರದೆ ಮೇಲೆ ಆರು ಅಂಕಿ ಬಂದರೆ ಅದನ್ನು ಫೋನ್‌ನಲ್ಲಿ ಒತ್ತಲು ಹೋಗಬೇಡಿ. ಆ ಬ್ಲೂಟೂತ್ ಕೀಬೋರ್ಡ್ ಮೇಲೇ ಟೈಪ್ ಮಾಡಿ ಎಂಟರ್ ಕೊಡಬೇಕು.

ಕನ್ನಡ ಟೈಪ್ ಮಾಡುವವರು ಕೀಲಿ ಮೇಲೆ ಕನ್ನಡ ಅಚ್ಚಾದ ಕೀಬೋರ್ಡೇ ಬೇಕು ಅಂತ ಹುಡುಕುವುದು ನೋಡಿದ್ದೇನೆ. ಬೇಕಿಲ್ಲ. ಕೀಬೋರ್ಡ್ ಅಕ್ಷರ ಕಳಿಸುವುದೇ ಇಲ್ಲ, ಇಂತಿಷ್ಟನೇ ಕೀಲಿ ಒತ್ತಿದರು ಅನ್ನುವ ಸಂಖ್ಯೆ ಕಳಿಸುತ್ತದೆ. ಅದು ಕ ಆಗಬೇಕೋ ಬೇರೆ ಏನಾಗಬೇಕೋ ಅಂತ ತೀರ್ಮಾನಿಸುವುದು ಆ ಕಡೆಯ ಸಾಧನ. ಪೈನ ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ವಿನ್ಯಾಸ ಸಿಗುತ್ತವೆ. ಕೆ.ಪಿ. ರಾವ್ ಅವರ ಕಗಪ ಕಲಿತವರಿಗೆ ಬೆರಳು ಹಳೇ ಜಾಗಕ್ಕೇ ಹೋಗುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ಎಫ್. ಫೋನ್‌ಗೆ ಕೊಳ್ಳುವ ಮೊದಲು ನಿಮ್ಮ ಕನ್ನಡ ಕೀಬೋರ್ಡ್ ಆಪ್ ಹೊರಗಿನ ಕೀಲಿಗಳನ್ನು ಒಪ್ಪುತ್ತದಾ ಅಂತ ಯಾರದ್ದಾದರೂ ಕೀಬೋರ್ಡ್ ಕೇಳಿ ಪಡೆದು ಪರೀಕ್ಷಿಸಿ. ಪೈನಲ್ಲಿ ಸುಲಭ ಅಂತ ಫೋನ್‌ನಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ.

ಕೇಳಿ ತಂದ ಕಂಟ್ರೋಲರ್ ವಾಪಸ್ ಕೊಡುವಾಗ

ರಜೆ ಮುಗಿಯಿತು, ಗೆಳೆಯನ ಕಂಟ್ರೋಲರ್ ಹಿಂದಿರುಗಿಸಬೇಕಿತ್ತು. ಪಿಎಸ್4 ಕಂಟ್ರೋಲರ್ ಒಂದು ಸಲಕ್ಕೆ ಒಬ್ಬ ಯಜಮಾನನನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ನಮ್ಮ ಬೋರ್ಡ್‌ಗೆ ಸೇರಿಸಿದಾಗಲೇ ಅವನ ಮನೆಯ ಪಿಎಸ್4 ಅನ್ನು ಮರೆತಿತ್ತು. ಎಕ್ಸ್‌ಬಾಕ್ಸ್ ಸೀರೀಸ್ ಆಗಿದ್ದರೆ ಮೇಲಿನ ಪೇರ್ ಬಟನ್ ಎರಡು ಸಲ ಬೇಗ ಒತ್ತಿದರೆ ಸಾಕಿತ್ತು, ಬ್ಲೂಟೂತ್‌ನಿಂದ ತನ್ನ ಕನ್ಸೋಲ್‌ಗೆ ಮರಳುತ್ತದೆ. ಪಿಎಸ್5 ಕಂಟ್ರೋಲರ್‌ಗೂ 2025ರ ಅಪ್‌ಡೇಟ್ ಆದಮೇಲೆ ನಾಲ್ಕು ಸಾಧನಗಳ ನೆನಪು ಬಂದಿದೆ. ಪಿಎಸ್4ಗೆ ಆ ಅನುಕೂಲ ಇಲ್ಲ. ಹಾಗಾಗಿ ಹುಡುಗನಿಗೆ ಒಂದು ಮೈಕ್ರೋ ಯುಎಸ್‌ಬಿ ಕೇಬಲ್ ಕೊಟ್ಟು ಕಳಿಸಿದೆ. ಡೇಟಾ ಹೋಗುವ ಕೇಬಲ್ಲೇ ಆಗಬೇಕು, ಬರೀ ಚಾರ್ಜಿಂಗ್‌ನದ್ದಾದರೆ ಆಗಲ್ಲ. ಕನ್ಸೋಲ್‌ಗೆ ಚುಚ್ಚಿ ಪಿಎಸ್ ಬಟನ್ ಒಂದು ಸಲ ಒತ್ತಿದರಂತೆ. ಕೂಡಲೇ ಕೂಡಿಕೊಂಡಿತು ಅಂತ ರಾತ್ರಿ ಫೋನ್ ಮಾಡಿ ಹೇಳಿದ.